ಪೆಟ್ಟಿಗೆಗೆ ಗೊತ್ತಿದ್ದ ಮನೆ

“ಪಾಸ್‌ವರ್ಡ್ ನನಗ ನೆಪ್ಪಿಲ್ರಿ ಬಾಯಾರ,” ಎಂದ ಸಿದ್ಧಾರೂಢ. “ಡೈರ್ಯಾಗ ಬರದಿಟ್ಟೇನಿ. ಆ ಡೈರಿ ಎಲ್ಲೈತೋ ಹುಡಕಬೇಕು.”

“ಹುಡಕ್ರಿ. ಅವಸರೇನಿಲ್ಲ,” ಎಂದಳು ರಾಯವ್ವ. ಅವಳ ಅರ್ಧ ದೇಹ ಟಿವಿಯ ಹಿಂದಿತ್ತು, ಕೈಯಲ್ಲಿ ಯಾವ ತೂತಿಗೂ ಹೊಂದದ ಒಂದು ವೈರಿತ್ತು.

ಅವಸರವಿಲ್ಲ ಎಂದದ್ದು ಶುದ್ಧ ಸುಳ್ಳು. ಅವಳ ತಂಗಿಯ ಮಗ ಅರ್ಜುನ, ಕಿತ್ತೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು, ಗೆಳೆಯ ಕಲ್ಮೇಶನನ್ನು ಕೊಂದು ಮಲಪ್ರಭೆಗೆ ನೂಕಿದ ಆರೋಪ ಹೊತ್ತು ಜೈಲಿನಲ್ಲಿದ್ದ. ನಾಳೆ ಶುಕ್ರವಾರ ಅವನ ಜಾಮೀನು ಅರ್ಜಿಯ ವಿಚಾರಣೆ. ಅವನನ್ನು ಉಳಿಸಬಲ್ಲ ಸಾಕ್ಷಿ ಇದ್ದದ್ದು ಒಂದೇ, ಅದೂ ಬಾಯಿಲ್ಲದ ಸಾಕ್ಷಿ. ಟಿವಿಗೆ ಜೋಡಿಸಿ ಆಡುವ, ಕಲ್ಮೇಶನ ಕರಿ ಗೇಮಿನ ಪೆಟ್ಟಿಗೆ.

ಮೂವತ್ತೆರಡು ವರ್ಷ ಪೊಲೀಸ್ ಖಾತೆಯಲ್ಲಿ ದುಡಿದು, ರಾಮದುರ್ಗದಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದ ರಾಯವ್ವ ಎಂಥೆಂಥವರ ಬಾಯನ್ನೋ ಬಿಡಿಸಿದ್ದಳು. ಪೆಟ್ಟಿಗೆಯ ಬಾಯಿ ಬಿಡಿಸುವ ಪ್ರಸಂಗ ಅರವತ್ತೊಂದನೆಯ ವಯಸ್ಸಿನಲ್ಲಿ ಇದೇ ಮೊದಲು.

ಕೋಣೆಯ ಮೂಲೆಯಲ್ಲಿ, ಚಾಪೆಯ ಮೇಲೆ, ಸೆರಗಿನ ತುದಿ ಬಾಯಿಗೆ ಹಿಡಿದು ಸೋಮವ್ವ ಕುಳಿತಿದ್ದಳು. ಕಲ್ಮೇಶನ ತಾಯಿ. ದೊಡವಾಡದಿಂದ ಪೆಟ್ಟಿಗೆಯ ಜೊತೆ ಅವಳನ್ನೂ ಬಸ್ಸಿನಲ್ಲಿ ಕೂರಿಸಿಕೊಂಡು ಬರಲು ರಾಯವ್ವ ಸಾಕಷ್ಟು ಪುಸಲಾಯಿಸಬೇಕಾಗಿತ್ತು. ಅವಳಿಲ್ಲದೆ ಸವದತ್ತಿಯ ಈ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಸಿದ್ಧಾರೂಢ ಅವಳ ಮೈದುನ, ಕಲ್ಮೇಶನ ಕಾಕಾ.

ಅರ್ಜುನ ಸಿಕ್ಕಿಬಿದ್ದ ರೀತಿ ಕೇಳಿದರೆ ನಗುವುದೋ ಅಳುವುದೋ ತಿಳಿಯದು. ಇಬ್ಬರೂ ಇಪ್ಪತ್ತೇಳರ ಗಂಡಸರು, ಗಡ್ಡ ಮೀಸೆ ಬಂದವರು. ಆಟದಲ್ಲಿ ಕಲ್ಮೇಶ ಮೋಸ ಮಾಡಿದನೆಂದು ಕಿತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಜಗಳ ತೆಗೆದು, “ನಿನ್ನ ಮುಗಿಸೇ ಬಿಡತೇನಿ” ಎಂದು ಅರ್ಜುನ ಒದರಿದ್ದ. ಮುಗಿಸಬೇಕೆಂದದ್ದು ಪರದೆಯ ಮೇಲಿನ ಬೊಂಬೆಯನ್ನು. ಅಲ್ಲಿ ನಿಂತಿದ್ದ ಹತ್ತು ಜನರಿಗೆ ಅದು ಹೇಗೆ ಗೊತ್ತಾಗಬೇಕು?

ಅದಾಗಿ ಎರಡೇ ದಿನಕ್ಕೆ, ಭಾನುವಾರ ಸಂಜೆ, ಕಲ್ಮೇಶ ಕಾಣೆಯಾದ. ಮರುದಿನ ಅವನ ಬೈಕು, ಚಪ್ಪಲಿ ಹೊಳೆದಂಡೆಯಲ್ಲಿ ಸಿಕ್ಕವು. ಹೆಣ ಸಿಗಲಿಲ್ಲ. ಇದೆಲ್ಲ ನಡೆದು ಇವತ್ತಿಗೆ ಹದಿನೆಂಟು ದಿನ.

ಆ ಸಂಜೆ ಏಳರಿಂದ ಎಂಟೂವರೆಯವರೆಗೆ ತಾನು ಕಿತ್ತೂರಿನಲ್ಲಿ ಮೊಬೈಲ್ ಹಿಡಿದು, ಕಲ್ಮೇಶ ತನ್ನ ಪೆಟ್ಟಿಗೆಯ ಮುಂದೆ ಕುಳಿತು, ಇಂಟರ್‌ನೆಟ್ ಮೇಲೆ ಕೂಡಿ ಆಡಿದೆವು ಎಂದು ಅರ್ಜುನ ಬಡಕೊಂಡ. ಯಾರೂ ನಂಬಲಿಲ್ಲ. ಮೊಬೈಲು ಜಪ್ತಿಯಾಗಿ ತಪಾಸಣೆಗೆ ಹೋಗಿತ್ತು, ವರದಿ ಬರಲು ತಿಂಗಳುಗಳೇ ಬೇಕು. ಅಲ್ಲದೆ ದೊಡವಾಡದಲ್ಲಿ ಹಿಂದಿನ ದಿನ, ಶನಿವಾರವೇ, ಇಂಟರ್‌ನೆಟ್ ಲೈನು ಸತ್ತಿತ್ತು. ಲೈನ್‌ಮನ್ ಅಂದಾನೆಪ್ಪ ಕಂಬದ ಮೇಲಿಂದ ಬಿದ್ದು ಪ್ರಾಣ ಬಿಟ್ಟ ದಿನ ಅದು. ಮುಂದೆ ಐದು ದಿನ ಆ ಊರಿನ ಒಂದು ಮನೆಯಲ್ಲೂ ಇಂಟರ್‌ನೆಟ್ ಇರಲಿಲ್ಲ. ಲೈನೇ ಇಲ್ಲದ ಊರಿನಲ್ಲಿ ಕಲ್ಮೇಶ ಆಡಿದ್ದು ಹೇಗೆ ಎಂದು ಕೇಳಿದರೆ ಅರ್ಜುನನ ಹತ್ತಿರ ಉತ್ತರವಿರಲಿಲ್ಲ.

ಉತ್ತರ ರಾಯವ್ವನಿಗೆ ಎರಡು ದಿನದ ಹಿಂದೆ ಸಿಕ್ಕಿತ್ತು, ತಲೆಯ ಹೇರ್‌ಪಿನ್ನಿನ ತುದಿಯಲ್ಲಿ.

ದೊಡವಾಡದ ಮನೆಯಲ್ಲಿ ಪೆಟ್ಟಿಗೆಯನ್ನು ಗೋಡೆಯಿಂದ ಈಚೆ ಸರಿಸಿ ನೋಡಿದಾಗ, ಹಿಂಬದಿಯಲ್ಲಿ ವಿಭೂತಿ ಬಳಿದ ಗುರುತು, ಅದರ ಮೇಲೊಂದು ಹಳದಿ ಬೊಟ್ಟು ಕಂಡಿದ್ದವು. ಗಾಳಿಯಾಡುವ ಸೀಳಿಗೆ ಪಿನ್ನು ತೂರಿಸಿ ಎಳೆದರೆ ಹಳದಿ ಪುಡಿ ಬಂತು. ಮೂಸಿ ನೋಡಿದಳು. ಭಂಡಾರ, ಯಲ್ಲಮ್ಮನ ಗುಡ್ಡಕ್ಕೆ ಹೋದವರು ಹಣೆಗೆ ಬಳಿದುಕೊಳ್ಳುವ ಅರಿಶಿಣಪುಡಿ. ಸೋಮವ್ವನ ದೇವರ ಮಾಡದಲ್ಲಿ ವಿಭೂತಿ ಬಿಟ್ಟು ಬೇರೆ ಏನೂ ಇರಲಿಲ್ಲ. ಅವಳ ಮೈದುನನದು ಮಾತ್ರ ಭಂಡಾರದ ಸಗಟು ವ್ಯಾಪಾರ. ಕೆಳಗೆ ಗೋದಾಮು, ಮೇಲೆ ಮನೆ. ಮೆಟ್ಟಿಲು, ಕಿಟಕಿ, ಫ್ಯಾನಿನ ರೆಕ್ಕೆ ಎಲ್ಲದರ ಮೇಲೂ ಹಳದಿ. ಆ ಮನೆಯ ಬಿಳಿ ಬೆಕ್ಕು ಕೂಡ ಹಳದಿಗಟ್ಟಿತ್ತು.

ಆದರೆ ಕಲ್ಮೇಶನ ಮುಖ ದೀಪಾವಳಿಯ ಮೇಲೆ ನೋಡಿಲ್ಲ ಎಂದು ಸಿದ್ಧಾರೂಢ ಹೇಳಿಕೆ ಕೊಟ್ಟಿದ್ದ. ಮಗ ಪೆಟ್ಟಿಗೆ ಮುಟ್ಟದೆಯೇ ಮನೆ ಬಿಟ್ಟ ಎಂದು ಸೋಮವ್ವ ಹೇಳಿದ್ದಳು. ಹೆತ್ತ ಕರುಳು, ಆ ದುಃಖದಲ್ಲಿ ಎಲ್ಲವೂ ನೆನಪಿದ್ದೀತೇ ಎಂದು ರಾಯವ್ವ ಅವಳನ್ನು ಮನ್ನಿಸಿದ್ದಳು. ಅನುಮಾನವೆಲ್ಲ ಕಾಕಾನ ಮೇಲೆ.

ಇನ್ನು ಉಳಿದದ್ದು ಪೆಟ್ಟಿಗೆಗೆ ಇಂಟರ್‌ನೆಟ್ ಹತ್ತಿಸುವ ವಿದ್ಯೆ. ಅದನ್ನು ಕಲಿಸಿದವನು ಬಾಳೇಶ. ಬೈಲಹೊಂಗಲದವನು, ದೊಡವಾಡಕ್ಕೆ ಲೈನು ಎಳೆದವನು, ಸತ್ತ ಅಂದಾನೆಪ್ಪನ ಧಣಿ. ಕಲ್ಮೇಶ, ಅರ್ಜುನರ ಜೊತೆ ತಾನೂ ಆಡುತ್ತಿದ್ದೆ ಎಂದು ಹೇಳುವಾಗ ಅವನ ಕಣ್ಣು ತುಂಬಿ ಬಂದಿದ್ದವು. ಇವತ್ತು ಮುಂಜಾನೆ ಬೈಲಹೊಂಗಲದ ತನ್ನ ಅಂಗಡಿಯಲ್ಲಿ ಚಹಾ ಕುಡಿಸಿ, ಒಂದೊಂದೇ ಹೆಜ್ಜೆ ಬಿಡಿಸಿ ಹೇಳಿ, ರಾಯವ್ವನ ವಹಿಯಲ್ಲಿ ಅವಳ ಕೈಯಿಂದಲೇ ಬರೆಸಿದ್ದ. ಚಪ್ಪಟೆ ವೈರು ಟಿವಿಗೆ. ಗುಂಡಿ ಒತ್ತುವುದು. ಹಲ್ಲಿನ ಚಕ್ರದ ಚಿತ್ರ ಹುಡುಕುವುದು. ಅಲ್ಲಿ ಆ ಮನೆಯ ಲೈನಿನ ಹೆಸರು. ಆಮೇಲೆ ಪಾಸ್‌ವರ್ಡ್.

“ಅದ ದೊಡ್ಡ ತ್ರಾಸ ನೋಡ್ರಿ ಅಕ್ಕಾರ,” ಎಂದಿದ್ದ ಬಾಳೇಶ. “ಕೈಯಾಗಿನ ಹಿಡಿಕಿ ಮ್ಯಾಲಿನ ಕಡ್ಡಿ ಸರಸಿ ಸರಸಿ ಒಂದೊಂದ ಅಕ್ಷರಾ ಆರಸ್ಬೇಕು. ನಿಮಗ ಕಾಲ್ ತಾಸರ ಹಿಡೀತೈತಿ. ಒಮ್ಮೆ ಹೊಕ್ಕ ಮನಿ ಆದ್ರ ಅದು ಕೇಳೂದಿಲ್ಲ, ತಾನ ನೆಪ್ಪಿಟ್ಟಿರತೈತಿ. ಹೊಸಾ ಮನ್ಯಾಗ ಕೇಳತೈತಿ. ಅಂದಂಗ ಯಾರ ಮನಿಗೆ ಒಯ್ಯಾಕತ್ತೀರಿ?”

ಸವದತ್ತಿಗೆ, ಸಿದ್ಧಾರೂಢನ ಮನೆಗೆ ಎಂದು ರಾಯವ್ವ ಹೇಳಿದ್ದಳು. ತಾನೂ ಬರುತ್ತೇನೆಂದು ಅವನು ಹಟ ಹಿಡಿದ. ಬೇಡವೆಂದಾಗ, ಹಚ್ಚುವ ಮೊದಲು ಒಂದು ಮೆಸೇಜಾದರೂ ಹಾಕಿರಿ ಎಂದು ಮಾತು ತೆಗೆದುಕೊಂಡ. ಎಂಥ ಒಳ್ಳೆಯ ಹುಡುಗ ಎಂದುಕೊಂಡಳು. ಇದನ್ನೆಲ್ಲ ಸೋಮವ್ವನಿಗೆ ಹೇಳಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕಬಾರದು ಎಂಬುದು ಅವಳ ಹಳೆಯ ಪೊಲೀಸ್ ಅಭ್ಯಾಸ.

ವೈರು ಕೊನೆಗೂ ತೂತಿಗೆ ಕೂತಿತು. ಮೊಬೈಲು ತೆಗೆದು, ಕೊಟ್ಟ ಮಾತಿನಂತೆ, “ಹಚ್ಚಾಕತ್ತೇನಿ” ಎಂದು ಬಾಳೇಶನಿಗೆ ಕಳಿಸಿದಳು. ಹನ್ನೊಂದು ಗಂಟೆ ಹತ್ತು ನಿಮಿಷ. ಗುಂಡಿ ಒತ್ತಿದಳು.

ಪೆಟ್ಟಿಗೆ ಸಣ್ಣಗೆ ಗುಂಯ್ ಎಂದಿತು. ನೀಲಿ ದೀಪ ಹತ್ತಿತು. ಟಿವಿಯ ಮೇಲೆ ಒಂದು ಚಕ್ರ ತಿರುಗತೊಡಗಿತು. ರಾಯವ್ವ ವಹಿ ತೆರೆದು, ಕನ್ನಡಕ ಏರಿಸಿಕೊಂಡು, ಹಲ್ಲಿನ ಚಕ್ರದ ಚಿತ್ರ ಹುಡುಕಲು ಸಜ್ಜಾದಳು. ಒಳಕೋಣೆಯಲ್ಲಿ ಸಿದ್ಧಾರೂಢ ಡೈರಿ ಹುಡುಕುತ್ತಿದ್ದ ಸದ್ದು ಕೇಳುತ್ತಿತ್ತು. ಕಪಾಟು ತೆಗೆದ, ಮುಚ್ಚಿದ, ಮತ್ತೆ ಅದನ್ನೇ ತೆಗೆದ. ಸಿಗಬಾರದ ವಸ್ತುವನ್ನು ಹುಡುಕುವವರ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಚಕ್ರ ನಿಂತಿತು. ಪರದೆಯ ಮೂಲೆಯಲ್ಲಿ ಇಂಗ್ಲಿಷಿನ ಎರಡು ಸಾಲು ಮೂಡಿದವು. ರಾಯವ್ವ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

ಮೇಲಿನ ಸಾಲಿನಲ್ಲಿ ಸಿದ್ಧಾರೂಢನ ಅಂಗಡಿಯ ಹೆಸರು. ಕೆಳಗೆ, ಇಂಟರ್‌ನೆಟ್ ಹತ್ತಿದೆ.

ಅವಳ ಕೈಯಿಂದ ವಹಿ ಜಾರಿ ಬಿತ್ತು.

ಯಾರೂ ಹೆಸರು ಆರಿಸಿರಲಿಲ್ಲ. ಯಾರೂ ಪಾಸ್‌ವರ್ಡ್ ಕೊಟ್ಟಿರಲಿಲ್ಲ. ಪೆಟ್ಟಿಗೆ ಕೇಳಲೂ ಇಲ್ಲ. ಅಂದಾಜು ಮಾಡಿಕೊಂಡೇ ಬಂದಿದ್ದಳು ನಿಜ, ಆದರೂ ಕಣ್ಣೆದುರು ಅದು ತಾನಾಗಿ ಹತ್ತಿಕೊಂಡಾಗ ರಾಯವ್ವನಿಗೆ ಸತ್ತವನೇ ಬಂದು ಬಾಗಿಲು ತೆಗೆದಂತಾಯಿತು.

“ಸಿದ್ಧಾರೂಢರ,” ಎಂದು ಕೂಗಿದಳು. “ಡೈರಿ ಸಾಕ್ರಿ. ಹೊರಗ ಬರ್ರಿ.”

ಬಂದವನು ಪರದೆ ನೋಡಿದ. ಬಣ್ಣ ಇಳಿದ ಮುಖ ಆ ಹಳದಿ ಮನೆಯಲ್ಲಿ ಇನ್ನಷ್ಟು ಬಿಳಿಚಿಕೊಂಡು ಕಂಡಿತು. ಏನೋ ತಾಂತ್ರಿಕ ದೋಷವಿರಬೇಕು, ಈಗಿನ ಯಂತ್ರಗಳೇ ಹೀಗೆ, ನಮ್ಮ ಲೈನಿಗೆ ಪಾಸ್‌ವರ್ಡೇ ಇಲ್ಲವೇನೋ ಎಂದು ಒಂದೇ ಉಸಿರಿಗೆ ಮೂರು ಸಬೂಬು ಹೇಳಿದ. ರಾಯವ್ವ ತನ್ನ ಮೊಬೈಲು ಅವನೆದುರು ಹಿಡಿದಳು. ಅದೇ ಲೈನನ್ನು ಒತ್ತಿದರೆ ಅದು ಪಾಸ್‌ವರ್ಡ್ ಕೇಳುತ್ತಿತ್ತು. ಮೊಬೈಲಿಗೆ ಈ ಮನೆ ಹೊಸದು.

ಕಡ್ಡಿ ಸರಿಸುತ್ತ ಆಟದ ಪಟ್ಟಿಗೆ ಹೋದಳು. ಎರಡು ಸಲ ಎಲ್ಲೆಲ್ಲೋ ಹೊಕ್ಕು ಹೊರಬಂದಳು, ಒಮ್ಮೆ ಬಂದೂಕಿನ ಸದ್ದು ಕೇಳಿ ಬೆಚ್ಚಿದಳು. ಕೊನೆಗೆ ಸಿಕ್ಕಿತು. ಆ ಭಾನುವಾರದ ತಾರೀಖು. ಸಂಜೆ ಏಳು ಗಂಟೆ ಹನ್ನೆರಡು ನಿಮಿಷದಿಂದ ಎಂಟು ನಲವತ್ತರವರೆಗೆ. ಕಲ್ಮೇಶನ ಹೆಸರಿನ ಪಕ್ಕದಲ್ಲಿ ಜೊತೆಗಾರನ ಹೆಸರು, ‘ಕಿತ್ತೂರ ಕಿಡಿ’. ಅರ್ಜುನ ಆಟಕ್ಕೆ ಇಟ್ಟುಕೊಂಡ ಹೆಸರು.

ಅವಳ ಕಣ್ಣು ಮಂಜಾದವು. ಹುಡುಗ ಸತ್ಯ ಹೇಳಿದ್ದ. ಹದಿನೈದು ದಿನ ಅದೇ ಸತ್ಯ ಹೇಳಿ ಹೇಳಿ ಅವನ ಗಂಟಲು ಒಣಗಿತ್ತು. ಹೆತ್ತ ತಾಯಿ ಬಿಟ್ಟರೆ ನಂಬಿದವಳು ಈ ದೊಡ್ಡವ್ವ ಒಬ್ಬಳೇ, ಅವಳೂ ಒಮ್ಮೊಮ್ಮೆ ನಂಬಿರಲಿಲ್ಲ. ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದುಕೊಂಡಳು.

“ಆತ್ರಿ, ಬಂದಿದ್ದ,” ಎಂದ ಸಿದ್ಧಾರೂಢ, ಧ್ವನಿ ತಗ್ಗಿಸಿ. “ಆಯ್ತವಾರ ಮಧ್ಯಾಹ್ನ ಬಂದ, ಆಡಿದ, ರಾತ್ರಿ ಹ್ವಾದ. ಮುಂದೇನಾತೋ ನನಗೇನ ಗೊತ್ತು?”

“ಪೆಟಗಿ ಒಯ್ದನೇನು?”

“ಹೂಂ ಮತ್ತ. ತಗೊಂಡ ಹ್ವಾದ.”

ರಾಯವ್ವ ಪೆಟ್ಟಿಗೆಯನ್ನು ತುಸು ತಿರುಗಿಸಿ, ಬೆನ್ನಿನ ವಿಭೂತಿ ಮತ್ತು ಹಳದಿ ಬೊಟ್ಟನ್ನು ತೋರಿಸಿದಳು. ಟಿವಿಯ ಮೇಲಿದ್ದ ಇಂಟರ್‌ನೆಟ್ ಡಬ್ಬಿಯನ್ನು ತೋರಿಸಿದಳು. ಅದಕ್ಕೂ ವಿಭೂತಿ, ಅದಕ್ಕೂ ಭಂಡಾರದ ಬೊಟ್ಟು. ಫ್ರಿಜ್ಜಿಗೆ, ಮಿಕ್ಸರಿಗೆ, ಕೆಳಗೆ ನಿಂತ ಟೆಂಪೋಗೆ, ಎಲ್ಲಕ್ಕೂ ಅದೇ. ಈ ಸೀಮೆಯ ವ್ಯಾಪಾರಸ್ಥರು ಅಮಾವಾಸ್ಯೆಯ ದಿನ ಮನೆಯಲ್ಲಿ ತಿರುಗುವ, ಹತ್ತುವ, ಸದ್ದು ಮಾಡುವ ಯಾವ ಯಂತ್ರವನ್ನೂ ಪೂಜೆಯಿಲ್ಲದೆ ಬಿಡುವವರಲ್ಲ. ಕೊಲೆಯಾಗಲಿ, ಪ್ರಳಯವಾಗಲಿ, ಅಮಾವಾಸ್ಯೆಯ ಕಾಯಿ ಒಡೆಯಲೇಬೇಕು.

“ಅಮವಾಸಿ ಮಂಗಳವಾರ ಇತ್ತು,” ಎಂದಳು. “ಆವತ್ತು ದೊಡವಾಡದ ಮನ್ಯಾಗ ಪೂಜಾ ಆಗಿಲ್ಲ, ಓಣ್ಯಾಗ ನಾಕ ಮಂದೀನ ಕೇಳೇನಿ. ಆಯ್ತವಾರ ಹೊಳಿ ಪಾಲಾದವನ ಪೆಟಗಿಗೆ ನಿಮ್ಮ ಮನ್ಯಾಗ ಮಂಗಳವಾರ ಪೂಜಾ ಹೆಂಗಾತ್ರಿ?”

ಸಿದ್ಧಾರೂಢ ಮುಂದೆ ಬಾಗಿ, ಗೋಡೆಯಲ್ಲಿದ್ದ ವೈರನ್ನು ಕಿತ್ತು ಎಳೆದ.

ಟಿವಿ ಕಪ್ಪಾಯಿತು. ಎಳೆದರೆ ಎಳೆಯಲಿ, ಫೋಟೋ ತನ್ನ ಹತ್ತಿರ ಇವೆ ಎಂದುಕೊಂಡು ರಾಯವ್ವ ಆ ಕರಿ ಗಾಜನ್ನೇ ನೋಡಿದಳು. ಅದರಲ್ಲಿ ಅವಳದೇ ಮುಖ ಕಾಣುತ್ತಿತ್ತು. ಹಣೆಯ ಮೇಲೆ ವಿಭೂತಿ, ಬೆಳಿಗ್ಗೆ ದೊಡವಾಡ ಬಿಡುವಾಗ ಸೋಮವ್ವ ಪ್ರೀತಿಯಿಂದ ಹಚ್ಚಿದ್ದು.

ಎರಡೇ ಗೆರೆ.

ಅವಳು ಇಂಟರ್‌ನೆಟ್ ಡಬ್ಬಿ ನೋಡಿದಳು. ಮೂರು ಗೆರೆ. ಮೂರು ಬೆರಳಿನಿಂದ ಎಳೆದರೆ ಮೂರೇ ಆಗಬೇಕು. ಪೆಟ್ಟಿಗೆಯ ಬೆನ್ನು ನೋಡಿದಳು. ಎರಡು. ಎರಡು ದಿನದಿಂದ ನೋಡುತ್ತಲೇ ಇದ್ದಳು, ಒಂದು ಗೆರೆ ಅಳಿಸಿ ಹೋಗಿರಬೇಕು ಎಂದುಕೊಂಡಿದ್ದಳು. ಅಳಿಸಿರಲಿಲ್ಲ. ಎಳೆದದ್ದೇ ಎರಡು.

ನಿಧಾನವಾಗಿ ಚಾಪೆಯ ಕಡೆ ತಿರುಗಿದಳು. ಸೆರಗು ಹಿಡಿದಿದ್ದ ಸೋಮವ್ವನ ಬಲಗೈಯಲ್ಲಿ ತೋರುಬೆರಳಿರಲಿಲ್ಲ. ಆರು ವರ್ಷದ ಹಿಂದೆ ಕಣಕಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಹೋಗಿತ್ತು. ಇಡೀ ದೊಡವಾಡಕ್ಕೆ ಗೊತ್ತಿದ್ದ ಸಂಗತಿ, ರಾಯವ್ವನಿಗೂ ಗೊತ್ತಿದ್ದ ಸಂಗತಿ.

ಈ ಹೆಂಗಸು ತನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಿದ್ದಳು. ಅವಳಿಗೆ ತಾನು ನೀರು ಕುಡಿಸಿದ್ದಳು, ರೊಟ್ಟಿ ಮುರಿದು ಬಾಯಿಗೆ ಇಟ್ಟಿದ್ದಳು.

“ಅಮವಾಸಿ ದಿನ ನೀ ಇಲ್ಲಿ ಇದ್ದಿ,” ಎಂದಳು. “ನಿನ್ನ ಮಗನ ಪೆಟಗಿ ಪೂಜಾ ನೀನ ಮಾಡೀದಿ. ಮಗಾ ಸತ್ತ ಮೂರನೇ ದಿನಕ್ಕ ಯಾವ ತಾಯಿ ಪೂಜಾ ಮಾಡ್ತಾಳ? ನಿನ್ನ ಮಗಾ ಬದಕ್ಯಾನ.”

“ವೈನಿ, ಸುಮ್ನಿರ್ರಿ,” ಎಂದ ಸಿದ್ಧಾರೂಢ.

ಸೋಮವ್ವ ಸುಮ್ಮನಿರಲಿಲ್ಲ. ಅಳಲೂ ಇಲ್ಲ. ಕಣ್ಣೀರೆಲ್ಲ ಸುಳ್ಳಿಗೇ ಖರ್ಚಾಗಿ ಹೋದಂತಿತ್ತು.

“ಒರಸಬೇಕಂತ ಅರಿವಿ ತಗೊಂಡೆ ಅಕ್ಕಾ. ಹಚ್ಚಿದ ಇಬತ್ತಿ ಹೆಂಗ ಒರಸ್ಲಿ? ಮಗಗ ಕೇಡಾದೀತು ಅಂತ ಕೈ ಬರಲಿಲ್ಲ.”

ಉಳಿದದ್ದನ್ನು ಅವಳು ತುಂಡು ತುಂಡಾಗಿ ಹೇಳಿದಳು. ಬೈಕು, ಚಪ್ಪಲಿ ಹೊಳೆದಂಡೆಯಲ್ಲಿ ಬಿಟ್ಟು ಬಂದವನು ಸಿದ್ಧಾರೂಢ. ಪಂಚನಾಮೆಗೆ ಬಂದವರಿಗೆ ಟಿವಿಯ ಕೆಳಗಿನ ಜಾಗ ಖಾಲಿ ಕಾಣಬಾರದೆಂದು, ಅಮಾವಾಸ್ಯೆಯ ದಿನವೇ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಇಲ್ಲಿಂದ ದೊಡವಾಡಕ್ಕೆ ಒಯ್ದವಳು ಅವಳು. ಇಲ್ಲಿಗೆ ಬರಲು ಒಪ್ಪಿದ್ದು, ಪಾಸ್‌ವರ್ಡ್ ಇಲ್ಲದೆ ಪೆಟ್ಟಿಗೆ ಬಾಯಿ ಬಿಡುವುದಿಲ್ಲ ಎಂಬ ಧೈರ್ಯದ ಮೇಲೆ. ಕಲ್ಮೇಶ ಈಗ ಕಟಕೋಳದ ಹತ್ತಿರ, ಬಳಗದವರೊಬ್ಬರ ಹೊಲದ ಮನೆಯಲ್ಲಿದ್ದಾನೆ.

ರಾಯವ್ವನಿಗೆ ಸಿಟ್ಟು ನೆತ್ತಿಗೇರಿತು. ತನ್ನ ತಂಗಿ ಹದಿನೈದು ದಿನದಿಂದ ಅನ್ನ ಮುಟ್ಟಿಲ್ಲ, ನಿನ್ನ ಮಗ ಹೊಲದಲ್ಲಿ ಕೂತು ಉಣ್ಣುತ್ತಿದ್ದಾನೆ, ಅವಳ ಮಗ ಕಂಬಿಯ ಹಿಂದೆ ಕೊಳೆಯಬೇಕೇ ಎಂದು ಕೇಳಿಯೇ ಬಿಟ್ಟಳು. ಅರ್ಜುನನನ್ನು ಹಿಡಿಯುತ್ತಾರೆಂದು ಯಾರಿಗೆ ಗೊತ್ತಿತ್ತು, ಹಿಡಿದ ಮೇಲೆ ಬಾಯಿ ಬಿಡುವ ಧೈರ್ಯ ತನಗೆ ಬರಲಿಲ್ಲ ಎಂದು ಸೋಮವ್ವ ತಲೆ ತಗ್ಗಿಸಿದಳು.

“ಕಲ್ಮೇಶ ಕೊಲಿ ನೋಡ್ಯಾನ, ಅಕ್ಕಾ. ಅಂದಾನೆಪ್ಪ ಕಂಬದ ಮ್ಯಾಲಿಂದ ತಾನಾಗಿ ಬಿದ್ದಿಲ್ಲ. ಕೆಳಗ ನಿಂತಾಂವ ನಿಚ್ಚಣಿಕಿ ಜಗ್ಗಿದ. ನನ್ನ ಮಗಾ ಮಾಳಗಿ ಮ್ಯಾಲಿಂದ ನೋಡಿದ, ಅಂವಾ ತಲಿ ಎತ್ತಿ ನನ್ನ ಮಗನ್ನ ನೋಡಿದ. ಇಂವ ಸತ್ತಾನಂತ ಅಂವ ನಂಬಿರೂ ತನಕಾ ಅಷ್ಟ ನನ್ನ ಮಗಾ ಉಳೀತಾನ.”

“ಯಾರಂವ?”

ಸೋಮವ್ವ ಬಾಗಿಲ ಕಡೆ ನೋಡಿದಳು. ಅಷ್ಟರಲ್ಲಿ ರಾಯವ್ವನ ಕೈಯಲ್ಲಿದ್ದ ಮೊಬೈಲು ಬಾರಿಸತೊಡಗಿತು.

“ತಡಿ, ಬಾಳೇಶ ಮಾಡಾಕತ್ತಾನ. ಪೆಟಗಿ ಹಚ್ಚೂದು ಅವನ ಕಲಿಸಿದ್ದ,” ಎಂದಳು ರಾಯವ್ವ.

ಸೋಮವ್ವ ಗೋಡೆ ಹಿಡಿದು ಎದ್ದು ನಿಂತಳು. ಸಿದ್ಧಾರೂಢ ಒಂದು ಹೆಜ್ಜೆ ಹಿಂದೆ ಸರಿದ. ಇಬ್ಬರೂ ಆ ಮೊಬೈಲನ್ನು ನೋಡುತ್ತಿದ್ದ ರೀತಿಯಲ್ಲೇ ರಾಯವ್ವನಿಗೆ ಕೇಳಿದ ಪ್ರಶ್ನೆಯ ಉತ್ತರ ಸಿಕ್ಕಿಬಿಟ್ಟಿತು.

“ನಾವು ಇಲ್ಲಿ ಅದೇವಂತ ಅವಗ ಗೊತ್ತೈತೇನು?” ಎಂದು ಸೋಮವ್ವ ಪಿಸುಗುಟ್ಟಿದಳು.

ಗೊತ್ತಿತ್ತು. ತಾನೇ ಹೇಳಿದ್ದಳು, ಅವನ ಚಹಾ ಕುಡಿಯುತ್ತ.

ಎತ್ತದಿದ್ದರೆ ಅನುಮಾನ ಇನ್ನೂ ಹೆಚ್ಚೀತು. ರಾಯವ್ವ ಗುಂಡಿ ಒತ್ತಿ ಮೊಬೈಲನ್ನು ಕಿವಿಗೆ ಹಿಡಿದಳು. ಆ ಕಡೆ ಗಾಳಿಯ ಸದ್ದು, ಲಾರಿಯೊಂದು ಹಾರ್ನ್ ಹೊಡೆದು ದಾಟಿದ ಸದ್ದು. ಅವನು ಅಂಗಡಿಯಲ್ಲಿರಲಿಲ್ಲ, ದಾರಿಯಲ್ಲಿದ್ದ.

“ಹತ್ತಿತಲ್ರಿ ಅಕ್ಕಾರ,” ಎಂದ ಬಾಳೇಶ, ಮುಂಜಾನೆಯ ಅದೇ ಅಕ್ಕರೆಯ ದನಿಯಲ್ಲಿ. “ನನ್ನ ಫೋನಿನ್ಯಾಗ ಕಲ್ಮೇಶನ ಹೆಸರ ಮುಂದ ಹಸರ ಚುಕ್ಕಿ ಬಂತು. ನೀವು ಹಚ್ಚಾಕತ್ತೇನಿ ಅಂದು ಒಂದ ನಿಮಿಷ ಆಗಿರ್ಲಿಲ್ಲ ನೋಡ್ರಿ.”

ಆ ಕಡೆ ಇನ್ನೊಂದು ಲಾರಿ ಹಾರ್ನ್ ಹೊಡೆದು ದಾಟಿತು.

“ಪಾಸ್‌ವರ್ಡ್ ಕೇಳಲೇ ಇಲ್ಲೇನ್ರಿ?”